ಮಂಚ ಹೊತ್ತ ಪ್ರವಾಸಿ

ನಮ್ಮ ಭಾವನಿಗೆ ಮೊಲಾಟ್ಲೆಗಿ ಎಂದು ಹೆಸರಿಟ್ಟವರು ಅವರ ಅಜ್ಜಿ. ಭಾವ ಹುಟ್ಟಿದ ದಿನ ಮನೆಯ ಎತ್ತು ಕಾಣೆಯಾಗಿತ್ತಂತೆ. ನಮ್ಮ ಸೆಟ್ಸ್ವಾನಾ ಮಾತಿನಲ್ಲಿ ಆ ಹೆಸರಿಗೆ ದಾರಿ ತಪ್ಪಿದವನು ಎಂದೇ ಅರ್ಥ. ಎತ್ತೇನೋ ವಾರದೊಳಗೆ ಸಿಕ್ಕಿತು, ಹೆಸರು ಮಾತ್ರ ಭಾವನ ಕೊರಳಿಗೇ ಬಿತ್ತು. ಆ ಹೆಸರಿನ ಮೇಲಿನ ಸಿಟ್ಟಿಗೋ ಏನೋ, ಯಾರನ್ನಾದರೂ ನಿಲ್ಲಿಸಿ ದಾರಿ ಕೇಳುವುದೆಂದರೆ ಅವರಿಗೆ ಆಗಿಬರುವುದಿಲ್ಲ.

ಮಹಲಾಪ್ಯೆಯ ಹೆದ್ದಾರಿ ಪಕ್ಕದಲ್ಲಿ ಅವರದೊಂದು ಟೈರ್ ಅಂಗಡಿ. ಉತ್ತರದ ಉಪ್ಪಿನ ಬಯಲುಗಳಿಗೆ ಬಾಡಿಗೆ ಗಾಡಿ ತಾವೇ ಓಡಿಸಿಕೊಂಡು ಹೋದ ವಿದೇಶಿಯರು ವಾಪಸು ಬರುವಾಗ ಹರಿದ ಟೈರುಗಳನ್ನು ಭಾವನ ಮುಂದೆ ತಂದು ಉರುಳಿಸುತ್ತಾರೆ. ಹಾಗೆ ಬಂದ ಒಬ್ಬ ಹೆಂಗಸು, ಭಾವ ತೂತು ಹುಡುಕುತ್ತಿದ್ದಾಗ, ಫೋನಿನಲ್ಲಿ ಚಿತ್ರಗಳನ್ನು ತೋರಿಸಿದಳು. ಕಣ್ಣು ಹೋದಷ್ಟು ದೂರ ಬಿಳಿ ಬಯಲು, ಅದರ ನಡುವೆ ಲೆಖುಬು ಎಂಬ ಬಂಡೆಗುಡ್ಡ, ಗುಡ್ಡದ ಮೇಲೆ ಹೊಟ್ಟೆ ಬಿಟ್ಟುಕೊಂಡು ನಿಂತ ಆನೆಹುಣಸೆ ಮರಗಳು.

"ನೀವು ಹೋಗಿರ್ತೀರಲ್ಲ?" ಎಂದಳು.

"ಇಲ್ಲ," ಎಂದರು ಭಾವ.

"ನಿಮ್ಮದೇ ದೇಶ, ನೀವೇ ನೋಡಿಲ್ವಾ? ಪಾಪ," ಎಂದು ಆಕೆ ಭಾವನ ಹೆಗಲು ತಟ್ಟಿದಳು.

ಒಳ್ಳೆಯ ಮನಸ್ಸಿನಿಂದಲೇ ತಟ್ಟಿರಬೇಕು. ಆದರೆ ಭಾವ ಆ ಸಂಜೆ ಊಟಕ್ಕೆ ಕೂತವರು ತಟ್ಟೆ ಮುಟ್ಟಲಿಲ್ಲ. "ಉಪ್ಪು ನಮ್ಮದು, ಕಲ್ಲು ನಮ್ಮದು, ಮರ ನಮ್ಮದು. ಅವಳು ನೋಡ್ಕೊಂಡು ಬಂದು ನನಗೆ ಪಾಪ ಅಂತಾಳೆ. ಸೆಗಾಮೆಟ್ಸಿ, ನಾವು ಹೋಗ್ತಿದೀವಿ," ಎಂದರು.

ಸೆಗಾಮೆಟ್ಸಿ ನನ್ನ ಅಕ್ಕ. "ಯಾರ ಮನೆಗೆ?" ಎಂದಳು.

"ಯಾರ ಮನೆಗೂ ಅಲ್ಲ. ನೋಡೋಕೆ. ಪ್ರವಾಸಿಗರ ಥರ."

ಹೋಗುವುದು ಹೋದರೆ ಎಲ್ಲವೂ ಅವರ ಹಾಗೇ ಆಗಬೇಕೆಂದು ಭಾವನ ಹಟ. ಬಾಡಿಗೆ ಗಾಡಿಗಳ ತಲೆಯ ಮೇಲೆ ಮಡಿಸುವ ಗುಡಾರ ಇರುತ್ತದೆ. ಅದನ್ನು ಕೊಳ್ಳುವ ದುಡ್ಡಿಗೆ ಇನ್ನೊಂದು ಗಾಡಿಯೇ ಬರುತ್ತದೆ. ಭಾವ ಮಲಗುವ ಕೋಣೆಯಿಂದ ಕಬ್ಬಿಣದ ಮಂಚ ಎತ್ತಿ ತಂದು, ಎರಡು ಸಾಲು ಸೀಟಿನ ತಮ್ಮ ಹಳೆಯ ಪಿಕಪ್ಪಿನ ತಲೆಯ ಮೇಲೆ ವೆಲ್ಡಿಂಗ್ ಮಾಡಿ, ನಾಲ್ಕು ಕಾಲಿಗೂ ಕೋಲು ಕಟ್ಟಿ ತಾಡಪಾಲು ಹೊದಿಸಿದರು.

"ಅದು ನನ್ನ ತವರಿನವರು ಕೊಟ್ಟ ಮಂಚ," ಎಂದಳು ಅಕ್ಕ.

"ಎಲ್ಲೂ ಹೋಗಿಲ್ಲವಲ್ಲ. ಸ್ವಲ್ಪ ಮೇಲಕ್ಕೆ ಹೋಗಿದೆ ಅಷ್ಟೇ."

ಬೀದಿಯಲ್ಲಿ ಗಂಡಸಿನ ಮಂಚ ಮನೆಯಿಂದ ಹೊರಗೆ ಬಂದರೆ ಜನ ಏನೆಂದುಕೊಳ್ಳುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೇಲಿಯಾಚೆಯ ಫೆನ್ಯೊ ಮೊದಲು ಬಂದ. "ರ್ರಾ," ಎಂದು ನಮ್ಮಲ್ಲಿ ಗಂಡಸರನ್ನು ಗೌರವದಿಂದ ಕರೆಯುವ ಹಾಗೆ ಕರೆದು, "ನಮ್ಮನೆ ಹಿತ್ತಲಲ್ಲಿ ಒಂದು ಕೋಣೆ ಖಾಲಿ ಇದೆ. ಅಕ್ಕೋರ ಕೋಪ ಇಳಿಯೋ ತನಕ ಇರಬಹುದು," ಎಂದ. ಮಾರನೆಯ ದಿನ ಚರ್ಚಿನ ಹೆಂಗಸರು ಬಂದು ಅಕ್ಕನ ಸುತ್ತ ಕೂತು, ಅವಳ ಕೈ ಹಿಡಿದುಕೊಂಡು, ಗಂಡನನ್ನು ಮತ್ತೆ ಒಳಗೆ ಸೇರಿಸಿಕೊಳ್ಳುವಂತೆ ಪ್ರಾರ್ಥಿಸಿದರು. ಪ್ರವಾಸ ಹೋಗುತ್ತಿದ್ದೇವೆ ಎಂದು ಅಕ್ಕ ಎಷ್ಟು ಹೇಳಿದರೂ, "ಹೌದಮ್ಮ, ಹಾಗೇ ಅನ್ನು, ಮರ್ಯಾದೆ ದೊಡ್ಡದು," ಎಂದು ಕಣ್ಣೊರೆಸಿಕೊಂಡು, ಟೀ ಕುಡಿದು ಹೋದರು.

ಹೊರಡುವ ಬೆಳಿಗ್ಗೆ ನಮ್ಮ ಬೊಂಟ್ಲೆ ಚಿಕ್ಕಮ್ಮ ಕಂಬಳಿ ಹೊದ್ದು, ತಲೆಗೆ ಕಪ್ಪು ವಸ್ತ್ರ ಕಟ್ಟಿಕೊಂಡು ಬಂದು ಗಾಡಿಯಲ್ಲಿ ಕೂತೇಬಿಟ್ಟಿದ್ದಳು. ಯಾರೂ ಕರೆದಿರಲಿಲ್ಲ. ಪಾತ್ರೆ, ಹಾಸಿಗೆ, ಸೌದೆ ಇಟ್ಟುಕೊಂಡು ಜನ ಅಷ್ಟು ದೂರ ಹೋಗುವುದನ್ನು ಅವಳು ಒಂದೇ ಕಾರಣಕ್ಕೆ ಕಂಡಿದ್ದಳು.

"ಯಾರು ಹೋದ್ರು?" ಎಂದಳು.

"ಯಾರೂ ಹೋಗಿಲ್ಲ ಚಿಕ್ಕಮ್ಮ. ಉಪ್ಪಿನ ಬಯಲು ನೋಡೋಕೆ ಹೋಗ್ತಿದೀವಿ," ಎಂದೆ.

"ಉಪ್ಪು ಮನೇಲಿಲ್ವಾ?"

"ಇದೆ."

"ಮತ್ತೆ?" ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. "ನನಗೆ ಎದೆ ನೋವಿದೆ ಅಂತ ಮುಚ್ಚಿಡ್ತಿದೀರ. ನಾನು ತಡ್ಕೋತೀನಿ. ಯಾರು ಹೇಳು."

ಅವಳನ್ನು ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಭಾವ ಸ್ಟೀರಿಂಗ್ ಹಿಡಿದರು, ಪಕ್ಕದಲ್ಲಿ ಅಕ್ಕ, ಹಿಂದಿನ ಸೀಟಿನಲ್ಲಿ ಚಿಕ್ಕಮ್ಮ ಮತ್ತು ದರ್ಜಿ ಅಂಗಡಿಗೆ ಬೀಗ ಹಾಕಿ ಬಂದ ನಾನು. ಹೀಗೆ ನಮ್ಮ ಬೀದಿಯ ಮೊದಲ ಪ್ರವಾಸಿಗರ ತಂಡ ಹೊರಟಿತು. ಫೆನ್ಯೊ ಟೋಪಿ ತೆಗೆದು ನಿಂತಿದ್ದ. ಚಿಕ್ಕಮ್ಮನ ಕಪ್ಪು ವಸ್ತ್ರ ನೋಡಿರಬೇಕು.

ಡಾಂಬರು ಇರುವ ತನಕ ಎಲ್ಲವೂ ಚೆನ್ನಾಗಿತ್ತು. ಡಾಂಬರು ಮುಗಿದು ಮರಳು ಶುರುವಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಕಾಲುಬಾಯಿ ಜ್ವರದ ಬೇಲಿಯ ಗೇಟಿಗೆ ಬಂದೆವು. ದನದ ರೋಗ ಈಚೆಯಿಂದ ಆಚೆಗೆ ಹೋಗದಂತೆ ಅಲ್ಲಿ ಎಲ್ಲರೂ ಇಳಿದು ಚಪ್ಪಲಿ ಔಷಧದ ನೀರಿನಲ್ಲಿ ಅದ್ದಬೇಕು. ಗೇಟಿನವನು ಗಾಡಿಯನ್ನೊಮ್ಮೆ, ಮೇಲಿನ ಮಂಚವನ್ನೊಮ್ಮೆ ನೋಡಿ, "ನಿಮ್ಮ ಗಿರಾಕಿಗಳು ಎಲ್ಲಿ?" ಎಂದು ಕೇಳಿದ.

"ಯಾವ ಗಿರಾಕಿಗಳು?"

"ಪ್ರವಾಸಿಗರು. ನೀವು ಗೈಡ್ ಅಲ್ವಾ?"

"ನಾನೇ ಪ್ರವಾಸಿ," ಎಂದರು ಭಾವ.

ಗೇಟಿನವನು ಬಹಳ ದಿನದಿಂದ ನಗದೆ ಇದ್ದವನ ಹಾಗೆ ನಕ್ಕ. ಅಷ್ಟರಲ್ಲಿ ಹಿಂದೆ ಎರಡು ಬಿಳಿ ಬಾಡಿಗೆ ಗಾಡಿಗಳು ಬಂದು ನಿಂತವು. ಅವುಗಳಲ್ಲೊಂದರಿಂದ ಇಳಿದ ಉದ್ದನೆಯ ಡಚ್ ಮನುಷ್ಯ, ಆಮೇಲೆ ಗೊತ್ತಾದಂತೆ ವೌಟರ್ ಎಂದು ಹೆಸರು, ಲೆಖುಬಿಗೆ ದಾರಿ ಯಾವುದೆಂದು ಕೇಳಿದ. ತಮ್ಮ ಬಳಿ ಇದ್ದ ದಾರಿ ತೋರಿಸುವ ಯಂತ್ರ ಬೆಳಗ್ಗೆಯಿಂದ ಒಂದೇ ಮಾತು ಹೇಳುತ್ತಿದೆ, ಸಾಧ್ಯವಾದ ಕಡೆ ಹಿಂದಕ್ಕೆ ತಿರುಗಿ ಅಂತ, ಎಂದ.

"ಯಂತ್ರ ಯಾಕೆ? ಅಗೋ, ಅವರ ಹಿಂದೆ ಹೋಗಿ," ಎಂದು ಗೇಟಿನವನು ಭಾವನನ್ನು ತೋರಿಸಿದ.

ಸ್ವಲ್ಪ ದೂರ ಹೋದ ಮೇಲೆ ಭಾವ ಕನ್ನಡಿಯಲ್ಲಿ ನೋಡಿದರು. ನಮ್ಮ ಧೂಳಿನಲ್ಲಿ ಎರಡು ಜೊತೆ ದೀಪ ಬರುತ್ತಿದ್ದವು. ಅಕ್ಕ ಗಂಡನನ್ನು ಮಗುವಿನ ಹೆಸರು ಹಿಡಿದೇ ಕರೆಯುವುದು. "ಥಾಟೊ ಅಪ್ಪ, ನಿಲ್ಲಿಸಿ. ನಮಗೂ ದಾರಿ ಗೊತ್ತಿಲ್ಲ ಅಂತ ಹೇಳಿಬಿಡಿ," ಎಂದಳು.

"ಯಾರಿಗೆ ಗೊತ್ತಿಲ್ಲ? ಅವರು ಬರೋದಾದ್ರೆ ಬರಲಿ. ರಸ್ತೆ ನಮ್ಮಪ್ಪಂದಲ್ಲ."

"ಹೋಗಲಿ, ಮುಂದೆ ಯಾವನಾದ್ರೂ ದನ ಕಾಯೋನು ಸಿಕ್ಕಿದ್ರೆ ಕೇಳಿ."

ದನ ಕಾಯುವವನು ಸಿಕ್ಕಿದ. ಕವಲು ದಾರಿಯ ಬಳಿಯೇ ಒಂದು ಪೊದೆಯ ನೆರಳಲ್ಲಿ ಕೂತಿದ್ದ. ಭಾವ ಒಬ್ಬರೇ ಇದ್ದಿದ್ದರೂ ಕೇಳುತ್ತಿರಲಿಲ್ಲ. ಈಗ ಹಿಂದೆ ಯುರೋಪ್ ಖಂಡವೇ ನೋಡುತ್ತಿರುವಾಗ ಕೇಳುವುದುಂಟೆ. ಭಾವ ಅವನ ಕಡೆ ರಾಜಗಾಂಭೀರ್ಯದಿಂದ ಕೈ ಬೀಸಿ ಬಲಕ್ಕೆ ತಿರುಗಿಸಿದರು. ಅವನು ಎದ್ದು ನಿಂತು ಎಡಗಡೆ ಕೈ ತೋರಿಸುತ್ತ ಏನೋ ಕೂಗಿದ.

"ನೋಡು, ಎಷ್ಟು ಪ್ರೀತಿ. ನಮಸ್ಕಾರ ಹೇಳ್ತಿದಾನೆ," ಎಂದರು ಭಾವ.

ಅಲ್ಲಿಂದ ಮುಂದೆ ನಾವು ನಿಂತರೆ ಅವರು ನಿಂತರು, ನಾವು ಹೊರಟರೆ ಅವರು ಹೊರಟರು. ಒಂದು ಸಲ ಭಾವ ಜಲಬಾಧೆಗೆಂದು ಗಾಡಿ ನಿಲ್ಲಿಸಿ, ಮುಳ್ಳುಮರವೊಂದರ ಮರೆಗೆ ಹೋಗಿ ನಿಂತು, ಕತ್ತೆತ್ತಿ ಎದುರಿನ ಬಯಲು ನೋಡುತ್ತಿದ್ದರು. ಹಿಂತಿರುಗಿ ನೋಡಿದರೆ ಡಚ್ಚರೆಲ್ಲ ಇಳಿದು, ಗಾಡಿಗಳ ಪಕ್ಕ ಸಾಲಾಗಿ ನಿಂತು, ದುರ್ಬೀನು ಹಿಡಿದು ಅದೇ ದಿಕ್ಕಿಗೆ ನೋಡುತ್ತಿದ್ದಾರೆ. ವೌಟರ್ ಹತ್ತಿರ ಬಂದು ಪಿಸುಮಾತಿನಲ್ಲಿ, "ಏನಿದೆ?" ಎಂದ.

"ಏನೂ ಇಲ್ಲ," ಎಂದರು ಭಾವ, ಪ್ಯಾಂಟು ಸರಿಮಾಡಿಕೊಳ್ಳುತ್ತ.

ವೌಟರ್ ಹೋಗಿ ಉಳಿದವರಿಗೆ ಅದನ್ನೇ ಹೇಳಿದ. ಅವರೆಲ್ಲ ಭಾರಿ ಗೌರವದಿಂದ ಇನ್ನೂ ಸ್ವಲ್ಪ ಹೊತ್ತು ಏನೂ ಇಲ್ಲದ್ದನ್ನು ನೋಡಿದರು. ಒಬ್ಬಳು ಫೋಟೋ ತೆಗೆದಳು.

ಕೊನೆಗೆ ಬಿಳಿ ಬಯಲು ಬಂತು. ನೆಲವೆಲ್ಲ ಹಪ್ಪಳ ಹಾಸಿದಂತೆ. ದಿಗಂತದಲ್ಲಿ ಒಂದು ಗುಡ್ಡ ತೇಲುತ್ತಿತ್ತು. "ಅದೇ ಲೆಖುಬು," ಎಂದರು ಭಾವ, ಹಳೆಯ ನೆಂಟನನ್ನು ಗುರುತಿಸಿದವರಂತೆ. ಇದ್ದ ಗಾಲಿಗುರುತು ಬಿಟ್ಟು ನೇರ ಅದರ ಕಡೆಗೇ ಓಡಿಸಿದರು. ಗುಡ್ಡ ಮೊದಲು ಎರಡಾಯಿತು, ಆಮೇಲೆ ನೀರಾಯಿತು, ಆಮೇಲೆ ಮೂರು ಕತ್ತೆಗಳಾಗಿ ನಮ್ಮನ್ನೇ ನೋಡುತ್ತ ನಿಂತಿತು. ಅಷ್ಟು ಹೊತ್ತಿಗೆ ಹಪ್ಪಳ ಮುರಿದು ನಮ್ಮ ಗಾಡಿ ಕೆಸರಿಗೆ ಕೂತಿತ್ತು. ಹಿಂದಿನ ಎರಡೂ ಗಾಡಿಗಳು ನಮ್ಮ ಗುರುತಿನ ಮೇಲೇ ಬಂದು, ಒಂದರ ಹಿಂದೆ ಒಂದು, ಅಷ್ಟೇ ಅಚ್ಚುಕಟ್ಟಾಗಿ ಕೂತವು.

ಗಾಡಿ ನಿಂತದ್ದೇ ಚಿಕ್ಕಮ್ಮ ಕಂಬಳಿ ಸರಿಮಾಡಿಕೊಂಡು, "ಬಂತಾ ಮನೆ?" ಎಂದಳು.

ಕತ್ತೆಗಳಿಗೆ ಒಡೆಯರಿದ್ದರು, ಪುಣ್ಯ. ಅವರು ಇನ್ನಷ್ಟು ಕತ್ತೆ ತಂದು, ಮೂರೂ ಗಾಡಿಗಳಿಗೆ ಹಗ್ಗ ಬಿಗಿದು, ಹೊತ್ತು ಮುಳುಗುವುದರೊಳಗೆ ನಮ್ಮನ್ನೆಲ್ಲ ಮೊಟ್ಲೋಪಿ ಎಂಬ ತಮ್ಮ ಊರಿಗೆ ಎಳೆದು ತಂದರು. ನಾಲ್ಕೈದು ದನದ ದೊಡ್ಡಿ, ಒಂದು ಕೊಳವೆಬಾವಿ, ಒಂದು ಅಂಗಡಿ, ಅಷ್ಟೇ ಊರು. ಆ ಊರಿಗೆ ಅದೇ ವಾರ, ಪ್ರವಾಸಿಗರಿಂದ ಹಳ್ಳಿಗೆ ಆಗುವ ಲಾಭ ಎಂಬ ವಿಷಯದ ಮೇಲೆ ಸಭೆ ನಡೆಸಲು ಮೊಡಿಸೆ ಎಂಬ ಪ್ರವಾಸೋದ್ಯಮ ಇಲಾಖೆಯ ಅಧಿಕಾರಿ ಬಂದಿದ್ದ. ಕತ್ತಿನಲ್ಲಿ ಟೈ, ಕೈಯಲ್ಲಿ ಫೈಲು. ಬಂದಾಗಿನಿಂದ ಅವನಿಗೆ ಒಬ್ಬ ಪ್ರವಾಸಿಯೂ ಕಣ್ಣಿಗೆ ಬಿದ್ದಿರಲಿಲ್ಲ. ಕತ್ತೆಗಳು ಎಳೆದು ತಂದ ಮೆರವಣಿಗೆ ನೋಡಿ ಅವನ ಮುಖ ಅರಳಿತು. ಮುಂದಿನ ಗಾಡಿಯಿಂದ ಭಾವ ಇಳಿದದ್ದು ನೋಡಿ ಗಂಟಿಕ್ಕಿತು.

"ಗೈಡ್ ಲೈಸೆನ್ಸ್ ತೋರಿಸಿ, ರ್ರಾ."

"ನಾನು ಗೈಡ್ ಅಲ್ಲ."

"ನೀವು ಮುಂದೆ, ಇವರು ಹಿಂದೆ. ಲೈಸೆನ್ಸ್ ಇಲ್ಲದೆ ದಾರಿ ತೋರಿಸಿದ್ರೆ ಗಾಡಿ ಜಪ್ತಿ. ಬೆಳಿಗ್ಗೆ ಕ್ಗೊಟ್ಲಾದಲ್ಲಿ ಮಾತಾಡೋಣ."

ಗಾಡಿ ಹೋದರೆ ಅಂಗಡಿಯೂ ಹೋದಂತೆಯೇ. ಟೈರು, ಟ್ಯೂಬು, ಗಾಳಿಯಂತ್ರ ಎಲ್ಲ ಆ ಗಾಡಿಯ ಮೇಲೇ ಓಡಾಡುವುದು. ಆ ರಾತ್ರಿ ಅಕ್ಕ ಒಂದು ಮಾತೂ ಆಡಲಿಲ್ಲ. ಅಕ್ಕ ಸುಮ್ಮನಿದ್ದಾಳೆಂದರೆ ಬೆಳಿಗ್ಗೆ ಏನೋ ಕಾದಿದೆ ಎಂದೇ ಲೆಕ್ಕ.

ಕ್ಗೊಟ್ಲಾ ಎಂದರೆ ಮರದ ಕಂಬಗಳನ್ನು ಅರ್ಧಚಂದ್ರದ ಹಾಗೆ ನೆಟ್ಟ ಊರ ನ್ಯಾಯದ ಕಟ್ಟೆ. ಬರುವವರು ತಮ್ಮ ಕುರ್ಚಿ ತಾವೇ ತರಬೇಕು. ಊರಿನ ಕ್ಗೊಸಿ, ಅಂದರೆ ಯಜಮಾನತಿ, ಕೆಟ್ಸಿಲೆ ಎಂಬ ಮುದುಕಿ. ಡಚ್ಚರು ತಮ್ಮ ಮಡಿಸುವ ಕುರ್ಚಿಗಳನ್ನು ತಂದಿದ್ದರು. ಲೋಟ ಇಡಲು ಕುರ್ಚಿಯ ಕೈಯಲ್ಲೇ ತೂತು ಇರುವಂಥವು. ಒಂದನ್ನು ಕ್ಗೊಸಿಗೆ ಕೊಟ್ಟರು. ಆಕೆ ಕೂತು, ತೂತಿಗೆ ಟೀ ಲೋಟ ಇಳಿಸಿ, ಎರಡು ಸಲ ತೆಗೆದು ಮತ್ತೆ ಇಳಿಸಿ ಸಮಾಧಾನವಾದ ಮೇಲೆ ವಿಚಾರಣೆ ಶುರುವಾಯಿತು.

"ಹೆಸರು?"

"ಮೊಲಾಟ್ಲೆಗಿ."

ಊರಿಗೆ ಊರೇ ನಕ್ಕಿತು. ಕ್ಗೊಸಿ ಎಲ್ಲರೂ ನಕ್ಕು ಮುಗಿಸುವ ತನಕ ಕಾದು, "ಹಾಗಾದ್ರೆ ವಿಚಾರಣೆ ಏನಕ್ಕೆ? ದಾರಿ ತಪ್ಪಿದವನು ಗೈಡ್ ಆಗೋಲ್ಲ. ದಾರಿ ತಪ್ಪಿದೆ ಅಂತ ಒಂದು ಮಾತು ಹೇಳಪ್ಪ, ಗಾಡಿ ತಗೊಂಡು ಹೋಗು," ಎಂದಳು.

ಎಷ್ಟು ಸುಲಭದ ಮಾತು. ನಾನು ಭಾವನ ಪಕ್ಕೆಗೆ ತಿವಿದೆ. ಭಾವ ಟೋಪಿಯನ್ನು ಎದೆಗೆ ಹಿಡಿದುಕೊಂಡು, "ನಾನು ದಾರಿ ತಪ್ಪಿಲ್ಲ, ಕ್ಗೊಸಿ," ಎಂದರು.

"ಕೇಳಿದ್ರಾ? ತಪ್ಪಿಲ್ಲವಂತೆ," ಎಂದು ಮೊಡಿಸೆ ಬರೆದುಕೊಂಡ. "ಅಂದ್ರೆ ಗೈಡೇ."

ಆಗ ವೌಟರ್ ಎದ್ದು ನಿಂತ. ಭಾವನಿಗೆ ಏನೋ ಕಷ್ಟ ಬಂದಿದೆ ಎಂದು ಮಾತ್ರ ಅವನಿಗೆ ಗೊತ್ತಾಗಿತ್ತು. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ನಮ್ಮ ಮಾತಿಗೆ ತಿರುಗಿಸಬೇಕಾಯಿತು. "ನಾವು ಬಹಳ ದೇಶಗಳಲ್ಲಿ ಗೈಡ್‌ಗಳನ್ನ ನೋಡಿದೀವಿ. ಇವರಂಥವರು ಸಿಕ್ಕಿರಲಿಲ್ಲ. ಬೇರೆಯವರು ಆನೆ ತೋರಿಸ್ತಾರೆ, ಸಿಂಹ ತೋರಿಸ್ತಾರೆ. ಇವರು ಏನೂ ಇಲ್ಲದಿರೋದನ್ನ ತೋರಿಸಿದ್ರು. ನನ್ನ ಹೆಂಡತಿ ಅತ್ತುಬಿಟ್ಟಳು."

ಮೊಡಿಸೆ ಇನ್ನೂ ಜೋರಾಗಿ ಬರೆದುಕೊಂಡ.

ಅಕ್ಕ ಎದ್ದಳು. ರಾತ್ರಿಯೆಲ್ಲ ಕಟ್ಟಿಟ್ಟದ್ದು ಈಗ ಬಿಚ್ಚಿತು. "ಕ್ಗೊಸಿ, ನಾನು ಹೇಳ್ತೀನಿ. ಇವರು ದಾರಿ ತಪ್ಪಿದಾರೆ. ನಿನ್ನೆ ಅಲ್ಲ, ಮದುವೆಗೆ ಮುಂಚಿನಿಂದ. ತೆರದ ದನ ಹೊಡ್ಕೊಂಡು ನಮ್ಮಪ್ಪನ ಮನೆಗೆ ಬರಬೇಕಾದೋರು ಪಕ್ಕದೂರಿಗೆ ಹೋಗಿ ಇನ್ಯಾರದೋ ಅಂಗಳದಲ್ಲಿ ದನ ನಿಲ್ಲಿಸಿದ್ರು. ಆ ಮನೇಲಿ ಹೆಣ್ಣೇ ಇರಲಿಲ್ಲ. ಒಬ್ಬಳು ವಿಧವೆ ಅಜ್ಜಿ ಇದ್ದಳು. ಅವಳು ದನ ನೋಡಿ ಒಪ್ಪಿಕೊಂಡೂ ಬಿಟ್ಟಿದ್ದಳು."

"ಆಮೇಲೆ?" ಎಂದಳು ಕ್ಗೊಸಿ, ಮುಂದಕ್ಕೆ ಬಾಗಿ.

"ಬಿಡಿಸಿಕೊಂಡು ಬರೋಕೆ ನಮ್ಮಪ್ಪನೇ ಹೋಗಬೇಕಾಯ್ತು. ಅಜ್ಜಿ ಒಂದು ಕರು ಇಟ್ಟುಕೊಂಡೇ ಬಿಟ್ಟಿದ್ದು."

"ಅದು ದಾರಿ ತಪ್ಪಿದ್ದಲ್ಲ," ಎಂದರು ಭಾವ. "ಆ ಊರು ಅಲ್ಲಿ ಇರಬಾರದಿತ್ತು."

"ಥಾಟೊ ಅಪ್ಪ, ಗಾಡಿ ಹೋಗುತ್ತೆ. ಒಂದೇ ಮಾತು. ಹೇಳಿಬಿಡಿ."

ಭಾವ ಸುತ್ತ ನೋಡಿದರು. ಊರಿನವರು, ಡಚ್ಚರು, ಟೈ ಕಟ್ಟಿದ ಅಧಿಕಾರಿ, ಹೆಂಡತಿ, ಎಲ್ಲರೂ ಆ ಒಂದು ಮಾತಿಗೆ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಕಂಬದ ಮೇಲೆ ಕೂತ ಕಾಗೆಯೂ ಕಾಯುತ್ತಿದ್ದಂತಿತ್ತು.

"ಹೇಳೋಲ್ಲ," ಎಂದರು ಭಾವ. "ಇವರು ನೋಡಿ, ಸಮುದ್ರದಾಚೆಯಿಂದ ಬಂದಿದಾರೆ. ನಿನ್ನೆ ಇವರೂ ನನ್ನ ಜೊತೇಲೇ ಕೆಸರಲ್ಲಿ ಕೂತಿದ್ರು. ಅವರನ್ನ ಯಾರೂ ಕ್ಗೊಟ್ಲಾದಲ್ಲಿ ನಿಲ್ಲಿಸಿಲ್ಲ. ಅವರು ಎಲ್ಲಿಗೋ ಹೊರಟು ಎಲ್ಲಿಗೋ ಬಂದ್ರೆ ಅದಕ್ಕೆ ಪ್ರವಾಸ ಅಂತಾರೆ. ಊರಿಗೆ ಹೋಗಿ ಫೋಟೋ ತೋರಿಸ್ತಾರೆ. ನಾನು ಎಲ್ಲಿಗೋ ಹೊರಟು ಎಲ್ಲಿಗೋ ಬಂದ್ರೆ, ಒಂದೋ ಲೈಸೆನ್ಸ್ ತೋರಿಸಬೇಕು, ಇಲ್ಲಾ ದಡ್ಡ ಅಂತ ಒಪ್ಪಿಕೋಬೇಕು. ಯಾಕೆ? ಮೂವತ್ತು ವರ್ಷ ಇವರ ಟೈರಿಗೆ ತೇಪೆ ಹಾಕಿದೀನಿ. ಈ ಬಯಲಿನ ಮುಳ್ಳೆಲ್ಲ ನನ್ನ ಕೈಯಾರೆ ಕಿತ್ತಿದೀನಿ. ಮುಳ್ಳು ಎಲ್ಲಿಂದ ಬಂತು ಅಂತ ನೋಡೋಕೆ ಬಂದೆ. ನಾನು ಪ್ರವಾಸಿ. ಗಾಡಿ ಬೇಕಾದ್ರೆ ತಗೊಳ್ಳಿ. ನಡ್ಕೊಂಡು ಹೋಗಿ ನೋಡ್ತೀನಿ."

ಚಿಕ್ಕಮ್ಮ ನನ್ನ ಕಿವಿಯಲ್ಲಿ, "ಇವನಿಗೇ ಹೆಚ್ಚು ದುಃಖ ಆಗಿರೋ ಹಾಗಿದೆ. ತೀರಿಕೊಂಡೋರು ಇವನ ಕಡೆಯೋರಾ?" ಎಂದಳು.

ಕ್ಗೊಸಿ ಲೋಟ ಎತ್ತಿ ಟೀ ಮುಗಿಸಿದಳು. "ರ್ರಾ ಮೊಡಿಸೆ, ಪ್ರವಾಸಿಗರು ಬಂದ್ರೆ ಊರಿಗೆ ಲಾಭ ಅಂತ ನಿನ್ನೆ ಮಧ್ಯಾಹ್ನವಿಡೀ ಹೇಳಿದ್ರಲ್ಲ."

"ಹೌದು, ಕ್ಗೊಸಿ."

"ಅವರನ್ನ ಚೆನ್ನಾಗಿ ನೋಡಿಕೋಬೇಕು ಅಂದ್ರಿ."

"ಹೌದು. ಆದರೆ ಇವನು ಪ್ರವಾಸಿ ಅಲ್ಲ, ನಮ್ಮೋನೇ."

"ನಾನು ಇವನನ್ನ ಯಾವತ್ತೂ ನೋಡಿಲ್ಲ," ಎಂದಳು ಕ್ಗೊಸಿ. "ಮಹಲಾಪ್ಯೆಯಿಂದ ಬಂದಿದಾನೆ. ತಲೆ ಮೇಲೆ ಮಂಚ ಹೊತ್ಕೊಂಡು ಬಂದಿದಾನೆ. ಬಯಲಿಗೆ ಗಾಡಿ ಇಳಿಸಿದಾನೆ. ನಮ್ಮ ಕಡೆ ಹುಟ್ಟಿದ ಮಗು ಕೂಡ ಅಲ್ಲಿಗೆ ಗಾಡಿ ಇಳಿಸೋಲ್ಲ. ಇನ್ನು ಪ್ರವಾಸಿ ಅಂದ್ರೆ ಹೇಗಿರಬೇಕು, ನೀವೇ ಹೇಳಿ."

ಮೊಡಿಸೆ ಫೈಲು ತೆರೆದು ನೋಡಿದ. ಅದರಲ್ಲಿ ಉತ್ತರ ಇದ್ದಂತೆ ಕಾಣಲಿಲ್ಲ.

"ಪ್ರವಾಸಿ ಅಂದ ಮೇಲೆ ಲೆಖುಬು ತೋರಿಸಬೇಕು. ಲೈಸೆನ್ಸ್ ಇರೋ ಗೈಡ್ ಈ ಊರಲ್ಲಿ ಯಾರಿದಾರೆ?"

"ಯಾರೂ ಇಲ್ಲ," ಎಂದ ಮೊಡಿಸೆ. ಸ್ವಲ್ಪ ತಡೆದು, "ನನ್ನ ಹತ್ತಿರ ಒಂದಿದೆ, ಇಲಾಖೆಯದು," ಎಂದ. ಹೇಳಿದ ಕ್ಷಣವೇ ಹೇಳಬಾರದಿತ್ತು ಎನ್ನಿಸಿದ್ದು ಅವನ ಮುಖದಲ್ಲೇ ಕಾಣುತ್ತಿತ್ತು.

"ಹಾಗಾದ್ರೆ ನೀವೇ ತೋರಿಸಿ. ನಾನೂ ಬರ್ತೀನಿ. ಹೋಗಿ ಬಹಳ ವರ್ಷ ಆಯ್ತು."

ಮೊಡಿಸೆಯ ಕಾರು ಸಣ್ಣದು, ಮರಳಿನಲ್ಲಿ ಹೋಗುವಂಥದ್ದಲ್ಲ. ನಮ್ಮ ಗಾಡಿಯ ಮುಂದಿನ ಸೀಟಿನಲ್ಲಿ ಕ್ಗೊಸಿ ಕೂತಳು, ಮಡಿಲಲ್ಲಿ ಮಡಿಸಿದ ಡಚ್ ಕುರ್ಚಿ. ಹಿಂದೆ ಅಕ್ಕ, ಚಿಕ್ಕಮ್ಮ, ನಾನು. ಜಾಗ ತುಂಬಿತು. ಮೊಡಿಸೆ ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದ.

"ಮೇಲೆ ಮಂಚ ಇದೆಯಲ್ಲ," ಎಂದಳು ಕ್ಗೊಸಿ.

ಹೀಗೆ ಇಲಾಖೆಯ ಅಧಿಕಾರಿ ಅಕ್ಕನ ತವರಿನವರು ಕೊಟ್ಟ ಮಂಚದ ಮೇಲೆ, ಎರಡು ಕೋಲು ಹಿಡಿದುಕೊಂಡು, ಟೈ ಹೆಗಲ ಹಿಂದೆ ಹಾರಾಡುತ್ತ ಲೆಖುಬಿಗೆ ಹೊರಟ. ಎಡಕ್ಕಾದರೆ ಬೂಟಿನಿಂದ ಒಂದು ಸಲ ಕುಟ್ಟುವುದು, ಬಲಕ್ಕಾದರೆ ಎರಡು ಸಲ ಎಂದು ಮಾತಾಗಿತ್ತು. ಮೊದಲ ಕವಲಿನಲ್ಲಿ ಬೂಟು ಒಂದು ಸಲ ಕುಟ್ಟಿತು. ಭಾವ ಬಲಕ್ಕೆ ತಿರುಗಿಸಿದರು. ಮೇಲಿಂದ ಬೂಟುಗಳ ಮಳೆಯೇ ಸುರಿಯಿತು.

"ಎಡಕ್ಕೆ ಅಂದ್ರಲ್ಲ ಅವರು," ಎಂದಳು ಅಕ್ಕ.

"ಗೈಡ್ ಹೇಳ್ತಾನೆ, ಹೇಳಲಿ. ಪ್ರವಾಸಿ ಕೇಳಲೇಬೇಕು ಅಂತ ಎಲ್ಲಿದೆ?"

ಕ್ಗೊಸಿ ಕೈ ಚಾಚಿ ಸ್ಟೀರಿಂಗನ್ನು ಎಡಕ್ಕೆ ಎಳೆದಳು. ಊರಿನ ಯಜಮಾನತಿಯ ಕೈ ತಳ್ಳುವಷ್ಟು ಭಾವನೂ ಗಟ್ಟಿಗರಲ್ಲ. ಆಮೇಲೆ ಪ್ರತಿ ಕವಲಿನಲ್ಲೂ ಅದೇ ಆಯಿತು. ಮೇಲಿಂದ ಬೂಟು, ಪಕ್ಕದಿಂದ ಕೈ, ನಡುವೆ ಭಾವನ ಗೊಣಗಾಟ. ಹಿಂದೆ ಡಚ್ಚರ ಗಾಡಿಗಳು ನಮ್ಮ ಓಲಾಟವನ್ನೂ ಬಿಡದೆ ಹಾಗೇ ಓಲಾಡಿಕೊಂಡು ಬಂದವು.

ಸಂಜೆಯ ಬಿಸಿಲಿಗೆ ಲೆಖುಬು ತಲುಪಿದೆವು. ನಿಜವಾದ ಗುಡ್ಡ. ಹತ್ತಿರ ಹೋದರೂ ಕತ್ತೆಯಾಗಲಿಲ್ಲ. ಬಂಡೆಗಳು ಕೆಂಪಗೆ ಕಾದಿದ್ದವು, ಆನೆಹುಣಸೆ ಮರಗಳು ತಾಮ್ರದ ಹಂಡೆಗಳ ಹಾಗೆ ಹೊಳೆಯುತ್ತಿದ್ದವು, ಸುತ್ತ ನಾಲ್ಕೂ ಕಡೆ ಬಿಳುಪು ಬಿಟ್ಟರೆ ಮತ್ತೇನಿಲ್ಲ. ಚಿಕ್ಕಮ್ಮ ಇಳಿದು, ಒಂದು ಮರದ ಬುಡಕ್ಕೆ ಅಂಗೈ ಒತ್ತಿ, ಬಹಳ ಹೊತ್ತು ನಿಂತಳು. ಯಾರು ಹೋದರೆಂದು ಮತ್ತೆ ಕೇಳಲಿಲ್ಲ. ಅಕ್ಕ ಭಾವನ ಮೇಲಿನ ಸಿಟ್ಟನ್ನು ಎಲ್ಲಿ ಇಟ್ಟಿದ್ದಳೋ ಮರೆತವಳಂತೆ ಬಂಡೆಯ ತುದಿಗೆ ಹೋಗಿ, ಚಪ್ಪಲಿ ಬಿಚ್ಚಿ, ಕಾಲು ಇಳಿಬಿಟ್ಟು ಕೂತಳು.

ಭಾವ ನೀರಿನ ಡಬ್ಬಿಯೊಂದನ್ನು ತಂದು ಅವಳ ಪಕ್ಕ ಮಗುಚಿ ಹಾಕಿ, ಅದರ ಮೇಲೆ ಕೂತು, ಕೈ ಕಟ್ಟಿಕೊಂಡು ನೋಡತೊಡಗಿದರು. ಅವರು ಹಾಗೆ ಏನೂ ರಿಪೇರಿ ಮಾಡದೆ ಕೂತದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.

ವೌಟರನ ಹೆಂಡತಿ ಅಲ್ಲಿ ಬಂಡೆಯ ಅಂಚಿನಲ್ಲಿದ್ದ ಹಳೆಯ ಕಲ್ಲುಗೋಡೆ ಕಂಡು ಓಡೋಡಿ ಬಂದಳು. "ಇದನ್ನ ಯಾರು ಕಟ್ಟಿದ್ದು? ಎಷ್ಟು ಹಳೇದು?" ಎಂದು ಕೇಳಿದಳು. ಹಿಂದೆ ಉಳಿದವರೂ ಬಂದು, ಕೇಳಿಸಿಕೊಳ್ಳಲು ಸುತ್ತ ನಿಂತರು.

"ನನಗೇನು ಗೊತ್ತು, ತಾಯಿ? ನಾನೂ ನಿಮ್ಮ ಹಾಗೆ ನೋಡೋಕೆ ಬಂದೋನು," ಎಂದರು ಭಾವ. "ಅಗೋ, ಅವರನ್ನ ಕೇಳಿ."

ಮೊಡಿಸೆ ಆಗಷ್ಟೇ ಮಂಚದಿಂದ ಇಳಿದು ಬರುತ್ತಿದ್ದ. ಹುಬ್ಬು, ಮೀಸೆ, ಟೈ ಎಲ್ಲ ಉಪ್ಪಿನ ಧೂಳಿನಲ್ಲಿ ಬೆಳ್ಳಗಾಗಿ, ಯಾರೋ ಅವನನ್ನು ಈಗತಾನೇ ಸುಣ್ಣದಲ್ಲಿ ಅದ್ದಿ ತೆಗೆದಂತಿದ್ದ. ಡಚ್ಚರು ಅವನನ್ನು ಮುತ್ತಿಕೊಂಡರು. ಅವನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಫೈಲು ಕಂಕುಳಿಗೆ ಸೇರಿಸಿ, ಭಾವನ ಎದುರಿಗೇ ನಿಂತು ಗೋಡೆಯ ಕಥೆ ಹೇಳಲು ಶುರುಮಾಡಿದ.

ಭಾವ ಸ್ವಲ್ಪ ಹೊತ್ತು ಸಹಿಸಿಕೊಂಡರು. ಆಮೇಲೆ, "ರ್ರಾ ಮೊಡಿಸೆ," ಎಂದರು, "ಕೊಂಚ ಪಕ್ಕಕ್ಕೆ ಸರೀರಿ. ಸೂರ್ಯ ಕಾಣಿಸ್ತಿಲ್ಲ."